ಹಳೆಯ ಟರ್ಬೊ ಕಾರುಗಳ ನಿಧಾನಪ್ಪ

ಬೆಳಗಿನ ಜಾವ. ಬೀದಿದೀಪಗಳು ಇನ್ನೂ ಆರಿಲ್ಲ. ಗ್ಯಾರೇಜಿನ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಬಾನೆಟ್ ತೆರೆದುಕೊಂಡು ನೀಲಿ ಕಾರೊಂದು ಗುರುಗುಟ್ಟುತ್ತಿದೆ. ಅದರ ಮೇಲೆ ಬಗ್ಗಿರುವವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚಿದ್ದಾರೆ. ಮಗುವಿನ ಎದೆಗೆ ಡಾಕ್ಟರು ಸ್ಟೆತಸ್ಕೋಪ್ ಇಟ್ಟಾಗ ಮನೆಯವರು ನಿಲ್ಲುವ ಹಾಗೆ ಕಾರಿನ ಯಜಮಾನರು ಪಕ್ಕದಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದಾರೆ.

ಯಜಮಾನರು ಡ್ರಾಯಿಂಗ್ ಮೇಷ್ಟ್ರು. ಸ್ಕ್ರೂಡ್ರೈವರ್ ಹಿಡಿದವರು ನಿಧಾನಪ್ಪ. ಹಳೆಯ ಟರ್ಬೊ ಕಾರುಗಳಿಗೆ ಹೊಸ ಕಸುವು ತುಂಬುವುದು ಅವರ ಕಸುಬು. ಕಾರನ್ನು ಜೋರು ಮಾಡುವವರಿಗೆ ಇಂಥ ಅಡ್ಡಹೆಸರು ಅಂಟಬೇಕಾದರೆ ಗಿರಾಕಿಗಳು ಎಷ್ಟು ಕಾದು ಕಾದು ಬೇಸತ್ತಿರಬೇಕು! ಅವರಿಗೆ ಅದರ ಬಗ್ಗೆ ಎಳ್ಳಷ್ಟೂ ಬೇಸರವಿಲ್ಲ. ಬೀದಿಯವರು ಹಾಗೆ ಕೂಗಿದರೆ ಓಗೊಡುತ್ತಾರೆ.

ಮೇಷ್ಟ್ರು ಈ ಕಾರು ತಂದದ್ದರ ಹಿಂದೆ ಭಾವಮೈದುನನ ಕುಚೋದ್ಯವಿದೆ. ಭಾನುವಾರ ಊರಾಚೆಯ ಗುಡ್ಡದ ರಸ್ತೆಯಲ್ಲಿ ಕಾರುಗಳ ಪಂದ್ಯ. "ಭಾವ, ನೀವು ಮೇಲೆ ಬರೋಷ್ಟರಲ್ಲಿ ನಾನು ಊಟ ಮುಗಿಸಿ ಒಂದು ನಿದ್ದೆ ತೆಗೆದಿರ್ತೀನಿ" ಎಂದು ಹೊಸ ಕಾರಿನ ಆ ಮಹರಾಯ ಎಲ್ಲರೆದುರು ನಕ್ಕಿದ್ದಾನೆ. ಅದು ಮೇಷ್ಟ್ರಿಗೆ ನಾಟಿದೆ. ನೀಲಿ ಕಾರು ತೀರಿಕೊಂಡ ಅಣ್ಣನದು. ಅಣ್ಣ ಪ್ರಾಣಕ್ಕಿಂತ ಹೆಚ್ಚಾಗಿ ನೋಡಿಕೊಂಡಿದ್ದ ಗಾಡಿ. ಅದರ ಇಂಜಿನ್ ಈಗ ಎಲ್ಲೂ ತಯಾರಾಗುವುದಿಲ್ಲ. ಸುಟ್ಟುಹೋದರೆ ಗುಜರಿಯೇ ಗತಿ.

ಟರ್ಬೊ ಎಂದರೆ ಒಂದು ಪುಟ್ಟ ಚಕ್ರ. ಇಂಜಿನ್ ಉಗುಳುವ ಬಿಸಿ ಹೊಗೆಯಿಂದಲೇ ತಿರುಗಿ, ಇಂಜಿನ್ನಿಗೆ ಹೆಚ್ಚು ಗಾಳಿ ಊದುತ್ತದೆ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲು ಹೆಚ್ಚು, ಶಕ್ತಿ ಹೆಚ್ಚು. ಹಾಗಾಗಿ ಬಂದವರೆಲ್ಲ ಮೊದಲು ಕೇಳುವುದೇ ದೊಡ್ಡ ಟರ್ಬೊ. ಮೇಷ್ಟ್ರೂ ಅದನ್ನೇ ಕೇಳಿದ್ದರು.

"ಓಡಿಸೋದು ಆಮೇಲೆ ಮೇಷ್ಟ್ರೇ, ಮೊದಲು ನಿಲ್ಲಿಸೋದು ನೋಡೋಣ" ಎಂದ ನಿಧಾನಪ್ಪ ಸೀಮೆಸುಣ್ಣ ಕೈಗೆತ್ತಿಕೊಂಡರು. ಅವರ ಯೋಜನೆಯೆಲ್ಲ ನೆಲದ ಮೇಲೆ. ಕಾರಿನ ಸುತ್ತ, ಎಲ್ಲಿ ಏನು ಕೆಲಸವೋ ಅದರ ನೇರಕ್ಕೆ ಒಂದೊಂದು ಸೊನ್ನೆ ಬರೆಯುತ್ತಾರೆ. ಚಕ್ರಗಳ ಬಳಿ ಬ್ರೇಕಿಗೆ, ಮೂತಿಯ ಬಳಿ ರೇಡಿಯೇಟರಿಗೆ, ಹಿಂದೆ ಪೆಟ್ರೋಲ್ ಪಂಪಿಗೆ. ಕೆಲಸ ಮುಗಿದ ಹಾಗೆ ಒದ್ದೆ ಬಟ್ಟೆಯಲ್ಲಿ ಸೊನ್ನೆ ಒರೆಸುತ್ತಾರೆ. ಟರ್ಬೊದ ಸೊನ್ನೆ ಎಲ್ಲಕ್ಕಿಂತ ಕೊನೆಗೆ. ಉಳಿದವು ಅಳಿಸಿಹೋಗುವ ತನಕ ಯಾರು ಏನೇ ಅಂದರೂ ಅದನ್ನು ಮುಟ್ಟುವುದಿಲ್ಲ. ದಿನಕ್ಕೆ ಒಂದು ಸೊನ್ನೆ ಅಳಿದರೆ ಅವತ್ತು ಭರ್ಜರಿ ಕೆಲಸವಾಯಿತು ಎಂದೇ ಲೆಕ್ಕ.

ಇದರಿಂದ ನಷ್ಟವಾಗಿಲ್ಲವೆಂದಲ್ಲ. ದೊಡ್ಡ ರಸ್ತೆಯ ಅಂಗಡಿಯಲ್ಲಿ ಕಂಪ್ಯೂಟರಿಗೆ ತಂತಿ ಸಿಗಿಸಿ ಅರ್ಧ ದಿನದಲ್ಲಿ ಶಕ್ತಿ ಏರಿಸಿ ಕೊಡುತ್ತಾರೆ. ಗಿರಾಕಿಗಳು ಅತ್ತ ಹರಿದರು. ಕೆಲವು ತಿಂಗಳು ಗ್ಯಾರೇಜಿನಲ್ಲಿ ನೊಣ ಹೊಡೆಯುವ ಕೆಲಸ. ಆಗ ಮನೆ ನಡೆಸಿದ್ದು ಹೆಂಡತಿ, ಹಾಲಿನ ವ್ಯಾನು ಓಡಿಸಿ. ಈಗಲೂ ಪರೀಕ್ಷೆಗೆ ಗಾಡಿ ಓಡಿಸುವವರು ಆಕೆಯೇ. "ಇವರು ಇಂಜಿನ್ ಸದ್ದು ಕೇಳಿಸ್ಕೊಳ್ತಾ ಓಡಿಸಿದ್ರೆ ಕಂಬಕ್ಕೆ ಗುದ್ದುತ್ತಾರೆ" ಎನ್ನುತ್ತಾರೆ.

ಇವತ್ತು ಕೊನೆಯ ಸೊನ್ನೆಯೂ ಅಳಿಸಿಹೋಗಿದೆ. ಹೆಂಡತಿ ಸ್ಟೇರಿಂಗ್ ಹಿಡಿದರೆ ನಿಧಾನಪ್ಪ ಪಕ್ಕದಲ್ಲಿ, ಮೇಷ್ಟ್ರು ಹಿಂದಿನ ಸೀಟಿನಲ್ಲಿ. ಖಾಲಿ ರಸ್ತೆಯ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಕಾರು ಬಿಟ್ಟ ಬಾಣದಂತೆ ಹೊರಡುತ್ತದೆ. ಮೇಷ್ಟ್ರು ಸಣ್ಣ ಮಗುವಿನಂತೆ ಚಪ್ಪಾಳೆ ತಟ್ಟುತ್ತಾರೆ. "ಅವನು ಊಟಕ್ಕೆ ಕೂರೋಕೂ ಆಗಲ್ಲ ಬಿಡಿ!"

"ಕಾಲು ತೆಗಿ" ಎನ್ನುತ್ತಾರೆ ನಿಧಾನಪ್ಪ.

ಮನೆಯಲ್ಲಿ ಪ್ರತಿಯೊಂದಕ್ಕೂ ನೂರೆಂಟು ಪ್ರಶ್ನೆ ಕೇಳುವ ಹೆಂಡತಿ ಇಲ್ಲಿ ತುಟಿಪಿಟಕ್ಕೆನ್ನದೆ ಕಾಲು ತೆಗೆಯುತ್ತಾರೆ. ಕಾರು ಪಕ್ಕಕ್ಕೆ ನಿಲ್ಲುತ್ತದೆ. ಬಾನೆಟ್ ಎತ್ತಿ ನೋಡಿದರೆ ಕಿರುಬೆರಳಿನಷ್ಟು ದಪ್ಪದ ರಬ್ಬರ್ ಪೈಪೊಂದು ಕಳಚಿ ನೇತಾಡುತ್ತಿದೆ. ಗಾಳಿ ಇಷ್ಟು ಸಾಕು ಎಂದು ಟರ್ಬೊವನ್ನು ತಡೆಯುವುದೇ ಆ ಪೈಪು. ಅದಿಲ್ಲದಿದ್ದರೆ ಟರ್ಬೊ ಹಿಂದುಮುಂದು ನೋಡದೆ ಊದುತ್ತದೆ. ಇಷ್ಟು ಹೊತ್ತು ಕಾರು ಹಾರಿದ್ದು ಅದರಿಂದ.

ಮೇಷ್ಟ್ರ ಕಣ್ಣು ಮಿನುಗುತ್ತದೆ. "ಹಾಗಾದ್ರೆ ಭಾನುವಾರ ಒಂದು ದಿನ ಹೀಗೇ ಬಿಡಿ. ಸೋಮವಾರ ಸಿಗಿಸಿದ್ರಾಯ್ತು."

"ಸೋಮವಾರ ಸಿಗಿಸೋಕೆ ಇಂಜಿನ್ ಇರಬೇಕಲ್ಲ ಮೇಷ್ಟ್ರೇ."

ಮೇಷ್ಟ್ರು ಮುಖ ಗಂಟಿಕ್ಕುತ್ತಾರೆ. ದೊಡ್ಡ ರಸ್ತೆಯ ಅಂಗಡಿಯವರಾದರೆ ಕೇಳಿದ್ದು ಮಾಡಿಕೊಡುತ್ತಿದ್ದರು ಎಂದು ಗೊಣಗುತ್ತಾರೆ. ಅಷ್ಟರಲ್ಲಿ ಹೆಂಡತಿ ಬಾಯಿ ಹಾಕುತ್ತಾರೆ. "ನಮ್ಮ ಸ್ವಂತ ಕಾರು ಹೋಗಿದ್ದು ಹೀಗೇ. ನಾನೇ ಓಡಿಸ್ತಿದ್ದೆ. ಇವರು ಪಕ್ಕದಲ್ಲಿ ಕೂತು 'ನೋಡೇ ನನ್ನ ಕೈಚಳಕ' ಅಂತ ತೊಡೆ ತಟ್ಕೊಳ್ತಿದ್ರು. ಪೈಪು ಕಳಚಿರೋದು ಯಾರಿಗೆ ಗೊತ್ತು? ಏರು ಮುಗಿಯೋಷ್ಟರಲ್ಲಿ ಪಿಸ್ಟನ್ನೇ ಕರಗಿಹೋಗಿತ್ತು. ಆಮೇಲೆ ಅದಕ್ಕೆ ಇಂಜಿನ್ ಸಿಗಲೇ ಇಲ್ಲ."

ನಿಧಾನಪ್ಪ ನಾಚಿಕೊಂಡು ನಗುತ್ತಾರೆ. "ಅವತ್ತಿಂದ ಗಾಡಿ ಕೆಟ್ಟದಾಗಿ ಓಡಿದ್ರೆ ನಂಗೆ ಭಯ ಇಲ್ಲ. ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿ ಓಡಿದ್ರೆ ಎದೆ ಧಸಕ್ ಅನ್ನತ್ತೆ."

ಮೇಷ್ಟ್ರು ಕಾರಿನ ಸುತ್ತ ಒಂದು ಸುತ್ತು ಬರುತ್ತಾರೆ. ಅಣ್ಣ ಕೂರುತ್ತಿದ್ದ ಸೀಟಿನ ಕಡೆ ಸ್ವಲ್ಪ ಹೊತ್ತು ನೋಡುತ್ತಾರೆ. "ಸಿಗಿಸಿ. ಹೊಸ ಕ್ಲಿಪ್ಪು ಹಾಕಿ" ಎನ್ನುತ್ತಾರೆ.

ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಅದೇ ಏರನ್ನು ಮತ್ತೆ ಹತ್ತುತ್ತಾರೆ. "ಬೆಳಗಿನ ತಂಪಲ್ಲಿ ಎಲ್ಲಾ ಟರ್ಬೊನೂ ಒಳ್ಳೇದೇ. ನಿಜ ಹೇಳೋದು ಈ ಬಿಸಿಲಲ್ಲಿ" ಎನ್ನುವುದು ನಿಧಾನಪ್ಪನವರ ಲೆಕ್ಕ. ಬೆಳಗಿನ ಆರ್ಭಟವಿಲ್ಲ. ಆದರೆ ಕಾರು ಮೊದಲಿಗಿಂತ ಎಷ್ಟೋ ಗಟ್ಟಿ, ಏರಿನುದ್ದಕ್ಕೂ ಒಂದೇ ಹದದಲ್ಲಿ ಎಳೆಯುತ್ತದೆ. ನಿಧಾನಪ್ಪನವರಿಗೆ ಖುಷಿಯಾಗಿದೆ. ಅದು ಗೊತ್ತಾಗುವುದು ಅವರು ಹೆಂಡತಿಗೆ ಟೀ ಕೊಡಿಸುತ್ತೇನೆ ಎಂದಾಗ.

ಭಾನುವಾರ ಜನವೆಲ್ಲ ಗುಡ್ಡದ ನೆತ್ತಿಯಲ್ಲಿ ಜಮಾಯಿಸಿದೆ. ನಿಧಾನಪ್ಪ ದಂಪತಿ ಮಾತ್ರ ಬುಡದಲ್ಲಿ, ಕಾರುಗಳು ವಾಪಸು ಬರುವ ತಿರುವಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾರೆ. ಗೆದ್ದವರು ಹಾರ್ನ್ ಹೊಡೆಯುತ್ತ ಇಳಿಯುತ್ತಾರೆ. ಒಂದು ಹಳೆಯ ಕೆಂಪು ಕಾರು ಇನ್ನೊಂದರ ಹಿಂದೆ ಹಗ್ಗ ಕಟ್ಟಿಸಿಕೊಂಡು ಬರುತ್ತದೆ, ಬಾನೆಟ್ಟಿನ ಸಂದಿಯಿಂದ ಹೊಗೆ. ನಿಧಾನಪ್ಪ ಎದ್ದು ನಿಲ್ಲುತ್ತಾರೆ. ಅದರ ಹಿಂದೆಯೇ ನೀಲಿ ಕಾರು, ತನ್ನ ಬಲದ ಮೇಲೆಯೇ.

"ಸೋತೆ" ಎನ್ನುತ್ತಾರೆ ಮೇಷ್ಟ್ರು ಕಿಟಕಿ ಇಳಿಸಿ. ಆದರೆ ಮುಖದ ತುಂಬ ನಗು. "ಸ್ವಲ್ಪದ್ರಲ್ಲಿ ಸೋತೆ. ಅವನಿಗೆ ಊಟಕ್ಕೆ ಎಲೆ ಹಾಕೋಷ್ಟೂ ಟೈಮ್ ಕೊಡಲಿಲ್ಲ. ಅಣ್ಣ ಇದ್ದಿದ್ರೆ ಕುಣಿದುಬಿಡ್ತಿದ್ದ."

ನಿಧಾನಪ್ಪ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾರೆ. ಬಿಸಿ ಇದೆ, ಇರಬೇಕಾದಷ್ಟೇ. ಗೆಲ್ಲಿಸಲಾಗಲಿಲ್ಲವೆಂದು ಬೇಸರವೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಗುಡ್ಡ ಹತ್ತೋ ಗಾಡಿನ ಯಾರು ಬೇಕಾದ್ರೂ ಮಾಡ್ತಾರೆ. ಇದು ಮನೆಗೂ ಹೋಗತ್ತೆ."