ವಾರಸುದಾರರಿಲ್ಲದ ಚೀಲ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗಡಿಯಾರ ಗೋಪುರದ ಚೌಕದ ಹಿಂಬಾಗಿಲಲ್ಲಿ ಸಮವಸ್ತ್ರದ ಹೆಂಗಸೊಬ್ಬಳು ಬಟ್ಟೆಯ ಚೀಲವೊಂದನ್ನು ಬಿಚ್ಚಿ, ಊಟದ ಡಬ್ಬಿಯ ಮುಚ್ಚಳ ತೆಗೆದು ಇಣುಕುತ್ತಾಳೆ.

"ಏನಿದೆ ಇದರಲ್ಲಿ?"

"ಅನ್ನ, ಸೊಪ್ಪು," ಎನ್ನುತ್ತಾಳೆ ಎದುರಿಗೆ ನಿಂತ ಮುದುಕಿ.

ಆ ಡಬ್ಬಿ ತುಂಬಿದವಳು ಪ್ರಶ್ನೆ ಕೇಳಿದವಳೇ. ಇವರಿಬ್ಬರೂ ಅತ್ತೆ ಸೊಸೆ. ಒಂದೇ ಒಲೆಯ ಮುಂದಿನಿಂದ ಎದ್ದು ಒಂದೇ ಬಸ್ಸಿನಲ್ಲಿ ಬಂದವರು. ಆದರೂ ಕೇಳದೆ ಯಾರನ್ನೂ ಒಳಗೆ ಬಿಡುವಂತಿಲ್ಲ. ತಲೆಯ ಮೇಲೆ ಕ್ಯಾಮೆರಾ ಇದೆ. "ಮೊದಮೊದಲು, ನೀನೇ ತುಂಬಿ ನನ್ನನ್ನೇ ಕೇಳ್ತೀಯಲ್ಲೇ ಅಂತ ನಗ್ತಿದ್ದೆ. ಅದಕ್ಕೆ ಅವಳು ಮೇಲಿನವರ ಹತ್ರ ಬೈಸ್ಕೊಂಡ್ಲು. ಈಗ ನಗಲ್ಲ," ಎನ್ನುತ್ತಾಳೆ ಅತ್ತೆ, ಪೊರಕೆ ಎತ್ತಿಕೊಳ್ಳುತ್ತ.

ಚೌಕದ ಕಾವಲಿನವರಿಗೆ ಈಕೆ ಡಬ್ಬದಮ್ಮ. ಬೇರಾವುದೋ ಊರಿನ ಕಸದ ಡಬ್ಬದಲ್ಲಿ ಬಾಂಬ್ ಸಿಕ್ಕಿತೆಂಬ ಸುದ್ದಿ ಬಂದದ್ದೇ ತಡ, ಇಲ್ಲಿನ ಡಬ್ಬಗಳನ್ನೆಲ್ಲ ಕಿತ್ತೊಯ್ದರು. ಡಬ್ಬ ಹೋಯಿತು, ಕಸ ಹೋಗಲಿಲ್ಲ. ಈಗ ಕಂಬಿಗೆ ಸಿಕ್ಕಿಸಿದ, ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಚೀಲ ಹಿಡಿದು ಆಕೆ ದಿನವಿಡೀ ಸುತ್ತುತ್ತಾಳೆ. ಪ್ರವಾಸಿಗರು ದೂರದಿಂದಲೇ ಕೈಮಾಡುತ್ತಾರೆ. ಐಸ್‌ಕ್ರೀಂ ಕಡ್ಡಿಯಿಂದ ಮಗುವಿನ ಡೈಪರ್‌ವರೆಗೆ ಎಲ್ಲವೂ ಸಂದಾಯವಾಗುತ್ತದೆ. "ಡಬ್ಬದ ಮುಖ ಯಾರು ನೋಡ್ತಾರೆ ಬಿಡಿ."

ಡಬ್ಬಗಳ ಬೆನ್ನಿಗೇ ಕಲ್ಲುಬೆಂಚುಗಳೂ ಹೋದವು. ಅವುಗಳ ಕೆಳಗೆ ಯಾರಾದರೂ ಏನಾದರೂ ಇಟ್ಟಾರೆಂಬ ಭಯ. ಇದಕ್ಕೆ ಸುರಕ್ಷತೆ ಎಂದು ಹೆಸರು. ಯಾರ ಸುರಕ್ಷತೆ ಎಂದು ಡಬ್ಬದಮ್ಮನ ಮಂಡಿಗಳನ್ನು ಕೇಳಬೇಕು. ಮಗ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇವರಿಬ್ಬರೇ, ಬರುವ ಸಂಬಳಗಳೂ ಎರಡೇ. ಹಾಗಾಗಿ ಮಂಡಿಯ ಮಾತು ಯಾರೂ ಕೇಳುವುದಿಲ್ಲ.

ಎಡವಟ್ಟಾದದ್ದು ಬೆಂಚು ಕಿತ್ತ ಮಾರನೆಯ ದಿನ. ಊಟದ ಚೀಲವನ್ನು ಗೋಪುರದ ಬುಡದ ಬೆಂಚಿನ ಮೇಲಿಟ್ಟು ಕೆಲಸಕ್ಕೆ ತೊಡಗುವುದು ವರ್ಷಗಳ ರೂಢಿ. ಅಂದೂ ಕೈ ತನ್ನಷ್ಟಕ್ಕೆ ಅಲ್ಲೇ ಇಟ್ಟಿತು. ಬೆಂಚಿರಲಿಲ್ಲ, ಚೀಲ ನೆಲದ ಮೇಲೆ ಕೂತಿತು. ಕ್ಯಾಮೆರಾ ಇರುವುದು ಬಾಗಿಲಲ್ಲಿ ಮಾತ್ರ, ಇಟ್ಟವರಾರೆಂದು ಯಾರೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಸೀಟಿ ಊದಿದರು, ಜನರನ್ನೆಲ್ಲ ಹಗ್ಗದಾಚೆ ಅಟ್ಟಿದರು. ಧ್ವನಿವರ್ಧಕದಲ್ಲಿ ಕೇಳಿದ್ದು ಸೊಸೆಯ ದನಿ: "ವಾರಸುದಾರರಿಲ್ಲದ ಚೀಲವೊಂದು ಪತ್ತೆಯಾಗಿದೆ. ಯಾರೂ ಹತ್ತಿರ ಹೋಗಬೇಡಿ."

ಆ ಚೀಲವನ್ನು ಹಳೆಯ ಪರದೆಯಿಂದ ಹೊಲಿದವಳು ಸೊಸೆಯೇ. ಗುರುತು ಸಿಗದೇ ಇದ್ದೀತೆ? ಆದರೆ ಚೀಲ ಬಿಟ್ಟವರನ್ನೂ ಅದನ್ನು ಒಳಗೆ ಬಿಟ್ಟವರನ್ನೂ ಅಂದೇ ಕೆಲಸ ಬಿಡಿಸಿ ಮನೆಗೆ ಕಳಿಸಬೇಕೆಂಬುದು ಇಬ್ಬರಿಗೂ ಸಂಬಳ ಕೊಡುತ್ತಿದ್ದ ಆಗಿನ ಗುತ್ತಿಗೆದಾರನ ಕಟ್ಟಪ್ಪಣೆ. ಅವನ ಗುತ್ತಿಗೆ ಮುಗಿದು ಹೊಸಬ ಬಂದಿರುವುದರಿಂದ ಇಬ್ಬರೂ ಈಗ ಬಾಯಿ ಬಿಡುತ್ತಾರೆ. "ನಮ್ಮತ್ತೆದು ಅಂದಿದ್ರೆ ಇಬ್ಬರ ಕೆಲಸಾನೂ ಹೋಗ್ತಿತ್ತು. ನಾನೇನು ಮಾಡ್ಲಿ?" ಎನ್ನುತ್ತಾಳೆ ಸೊಸೆ, ನೆಲ ನೋಡುತ್ತ.

ಹಗ್ಗದಾಚೆ ಡಬ್ಬದಮ್ಮನೂ ತುಟಿ ಪಿಟಕ್ಕೆನ್ನಲಿಲ್ಲ. ದಪ್ಪ ಕವಚ ತೊಟ್ಟ ಬಾಂಬ್ ದಳದವರು ಬಂದು, ದೂರದಿಂದ ಯಂತ್ರದಲ್ಲಿ ಹೊಡೆದು ಚೀಲವನ್ನು ಚಿಂದಿ ಮಾಡಿದರು. ಅಪಾಯವಿಲ್ಲವೆಂದು ಸಾರಿದಾಗ ಪ್ರವಾಸಿಗರು ಚಪ್ಪಾಳೆ ತಟ್ಟಿದರು. "ಅನ್ನ ಎಲ್ಲಾ ಕಡೆ ಚೆಲ್ಲಿತ್ತು. ಗುಡಿಸೋಕೆ ನನ್ನನ್ನೇ ಕರೆದ್ರು. ಗುಡಿಸ್ದೆ," ಎನ್ನುತ್ತಾಳೆ.

ಮನೆಯಲ್ಲಿ ಆ ವಿಷಯವನ್ನು ಇಬ್ಬರೂ ಎತ್ತಿಲ್ಲ. ಸೊಸೆ ಹೊಸ ಚೀಲ ಹೊಲಿದುಕೊಟ್ಟಳು. ಅತ್ತೆ ಅದನ್ನು ಕೆಳಗಿಡುವುದೇ ಇಲ್ಲ. ಕೊರಳಿಗೆ ಹಾಕಿಕೊಂಡೇ ಗುಡಿಸುತ್ತಾಳೆ. ಪಟ್ಟಿ ಉಜ್ಜಿ ಉಜ್ಜಿ ಕತ್ತು ಕಪ್ಪಾಗಿದೆ.

"ಅವಳ ಮೇಲೆ ಸಿಟ್ಟಿಲ್ಲ. ಅವಳ ಜಾಗದಲ್ಲಿ ನಾನಿದ್ರೂ ಹಾಗೇ ಅಂತಿದ್ದೆ. ಆದ್ರೆ ಆ ಮಾತು ಕಿವಿ ಬಿಟ್ಟು ಹೋಗ್ತಿಲ್ಲ. ವಾರಸುದಾರರಿಲ್ಲ ಅಂದ್ಲಲ್ಲ. ನಾನೂ ಅಲ್ಲೇ ಇದ್ದೆ, ಅವಳೂ ಅಲ್ಲೇ ಇದ್ಲು."

ಏನಾದರೂ ಬೇಕೇ ಎಂದರೆ ಆಕೆ ಬೆಂಚು ಕೇಳುವುದಿಲ್ಲ, ಡಬ್ಬ ಕೇಳುವುದಿಲ್ಲ. ಪೊರಕೆಗೆ ಗಲ್ಲ ಊರಿ ಕೊಂಚ ಹೊತ್ತು ಹಿಂಬಾಗಿಲ ಕಡೆ ನೋಡುತ್ತಾಳೆ.

"ಕಾವಲು ಕೋಣೆ ಗೋಡೆಗೆ ಒಂದು ಮೊಳೆ ಹೊಡೆಸಿಕೊಟ್ರೆ ಸಾಕು, ಚೀಲ ತೂಗುಹಾಕ್ತೀನಿ. ಮೊಳೆ ಮೇಲ್ಗಡೆ ಗೋಡೆಲಿ ನನ್ನ ಸೊಸೆ ಕೈಲೇ ಬರೆಸ್ಲಿ, ಇದು ನಮ್ಮತ್ತೆದು ಅಂತ."