ಕೇಜಿಗೆ ಕಾಲಿಡದೆ ಮೂವತ್ತೇಳನೇ ಮಹಡಿ

ದುಬೈಯ ಆ ಹೋಟೆಲಿನಲ್ಲಿ ನಾನು ಕೇಳಿದ್ದು ಒಂದೇ: ನೆಲಮಹಡಿಯಲ್ಲಿ ರೂಮು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ ನಕ್ಕಳು. ಜೊತೆಯಲ್ಲಿ ಹಿರಿಯರಿರುವುದರಿಂದ ನಿಮ್ಮನ್ನು ಒಂಬತ್ತನೇ ಮಹಡಿಯಿಂದ ಮೂವತ್ತೇಳನೆಯದಕ್ಕೆ ಏರಿಸಿದ್ದೇವೆ, ಹೆಚ್ಚಿನ ಬಾಡಿಗೆ ಏನೂ ಇಲ್ಲ ಎಂದಳು. ದಯವಿಟ್ಟು ಇಳಿಸಿ ಎಂದೆ. ಎಂಟನೆಯದು ಸಾಕೇ ಎಂದು ಕೇಳಿದಳು. ನೆಲಮಹಡಿಯೇ ಬೇಕು ಎಂದೆ. ಅಲ್ಲಿ ಮಲಗುವ ಕೋಣೆಗಳಿಲ್ಲ, ಗಡಿಯಾರದ ಅಂಗಡಿಗಳೂ ಒಂದು ಕಾರಂಜಿಯೂ ಇವೆ ಎಂದಳು. ಮೆಟ್ಟಿಲು ಎಲ್ಲಿದೆ ಎಂದು ವಿಚಾರಿಸಿದೆ. ಮೆಟ್ಟಿಲು ಬೆಂಕಿ ಬಿದ್ದಾಗ ಮಾತ್ರ, ಬಾಗಿಲು ತೆಗೆದರೆ ಇಡೀ ಕಟ್ಟಡದಲ್ಲಿ ಗಂಟೆ ಹೊಡೆಯುತ್ತದೆ ಎಂಬ ಉತ್ತರ ಬಂತು. ನನ್ನ ಹಿಂದೆ ಸೋಫಾದ ಮೇಲೆ ಮಾವನೂ ಅತ್ತೆಯೂ ಕೂತಿದ್ದರು. ಅತ್ತೆ ಮಾವನ ಪಂಚೆಯ ಚುಂಗನ್ನು ಹಿಡಿದುಕೊಂಡಿದ್ದರು.

ಮಾವ ಎಂದರೆ ನನ್ನ ತಾಯಿಯ ತಮ್ಮ. ಊರು ಬಂಗಾರಪೇಟೆಯ ಮಗ್ಗುಲು. ಚಿನ್ನದ ಗಣಿ ನಡೆಯುತ್ತಿದ್ದಷ್ಟು ಕಾಲ ಸೈಕಲ್ ತುಳಿದು ಕೋರಮಂಡಲ್‌ಗೆ ಹೋಗಿ ನೆಲದಡಿ ಕೆಲಸ ಮಾಡಿದವರು, ಗಣಿ ಮುಚ್ಚಿದ ಮೇಲೆ ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿರುವವರು. ಅವರ ಮಗಳು ಐರ್ಲೆಂಡಿನಲ್ಲಿ ನರ್ಸು. ಮಗಳ ಬಾಣಂತನ ಮುಗಿಸಿ ವಾಪಸ್ಸು ಬರುವಾಗ ಅಪ್ಪ ಅಮ್ಮ ದುಬೈಯಲ್ಲಿ ಎರಡು ದಿನ ಸುಖವಾಗಿ ಇಳಿದುಕೊಳ್ಳಲಿ ಎಂದು ಅವಳು ಪಂಚತಾರಾ ಹೋಟೆಲ್ ಸೇರಿದ ಟಿಕೆಟ್ಟು ತೆಗೆದಿದ್ದಳು. ಅವರನ್ನು ಕರೆತರಲು ಹೋದವನು ನಾನು. ಪತ್ರಿಕೆಯ ಡೆಸ್ಕಿನಲ್ಲಿ ರಜೆ ಸಿಕ್ಕಿದ್ದು, ಈ ಐಷಾರಾಮಿ ತಂಗುವಿಕೆಯ ಬಗ್ಗೆ ಭಾನುವಾರದ ಪುರವಣಿಗೆ ಲೇಖನ ಕೊಡಬೇಕೆಂಬ ಕರಾರಿನ ಮೇಲೆ.

ಕಷ್ಟ ಇದ್ದದ್ದು ಲಿಫ್ಟಿನಲ್ಲಿ. ಗಣಿಯವರ ಮನೆಯಲ್ಲಿ ಲಿಫ್ಟ್ ಎಂಬ ಮಾತಿಲ್ಲ. ಹಗ್ಗಕ್ಕೆ ತೂಗುಬಿಟ್ಟು ಜನರನ್ನು ಗಣಿಬಾವಿಯ ಶಾಫ್ಟಿನೊಳಕ್ಕೆ ಇಳಿಸುತ್ತಿದ್ದ ಕಬ್ಬಿಣದ ಗೂಡು ಕೇಜು. ಆ ತರಹದ್ದು ಎಲ್ಲೇ ಕಂಡರೂ ಕೇಜು. ಒಂದು ಸಲ ಕೆಳಗೆ ಏರ್ ಬ್ಲಾಸ್ಟ್ ಆಗಿ, ಅಂದರೆ ಬಂಡೆ ತಾನಾಗಿ ಸಿಡಿದು, ಮಾವನ ಪಾಳಿಯವರು ಒಳಗೇ ಉಳಿದಿದ್ದರು. ಶಾಫ್ಟಿನ ಗೇಟಿನ ಹತ್ತಿರ ನಿಂತಿದ್ದ ಹೆಂಗಸರಲ್ಲಿ ಅತ್ತೆಯೂ ಒಬ್ಬರು. ಅಲ್ಲೇ ಮಾರೆಮ್ಮನಿಗೆ ಹರಕೆ ಕಟ್ಟಿದರು, ಮಾವನಿಗೆ ಕೇಜು ಬಿಡಿಸುತ್ತೇನೆಂದು. ಮಾವ ಮೇಲೆ ಬಂದರು. ಆ ಹರಕೆ ಮುರಿದರೆ ಅಂದು ಕೊಟ್ಟ ಜೀವವನ್ನು ದೇವಿ ವಾಪಸ್ಸು ಕೇಳುತ್ತಾಳೆ ಎಂಬುದರಲ್ಲಿ ಅತ್ತೆಗೆ ಇವತ್ತಿಗೂ ಅನುಮಾನವಿಲ್ಲ. ಬಂಗಾರಪೇಟೆಯ ಕಣ್ಣಿನ ಡಾಕ್ಟರ ಮೂರನೇ ಮಹಡಿಗೆ ಮಾವ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಲ್ಲೇ ಹೋಗುತ್ತಾರೆ.

ವಿಮಾನಕ್ಕೆ ಅತ್ತೆಯ ತಕರಾರು ಇರಲಿಲ್ಲ. ಅದು ರೆಕ್ಕೆ ಇರುವ ಬಸ್ಸು. ಎಸ್ಕಲೇಟರ್ ಮೆಟ್ಟಿಲೇ, ಮೆಟ್ಟಿಲು ತಾನಾಗಿ ನಡೆದರೆ ಅದಕ್ಕೆ ನಾವು ಹೊಣೆಯಲ್ಲ. ಲಿಫ್ಟು ಮಾತ್ರ ಕೇಜು. ಅದು ಮೇಲಕ್ಕೆ ಹೋಗುವ ಕೇಜು ಎಂದು ನಾನು ವಾದಿಸಿ ನೋಡಿದೆ. ಮೇಲೆ ಹೋದದ್ದು ಇಳಿಯಲೇಬೇಕಲ್ಲ ಎಂದರು. ಅದೂ ಸರಿಯೇ.

ಹೀಗಾಗಿ ನಮ್ಮ ಐಷಾರಾಮಿ ತಂಗುವಿಕೆ ಸೋಫಾದ ಮೇಲೆ ಶುರುವಾಯಿತು. ಹೋಟೆಲಿನವರಿಗೆ ಕನಿಕರ ಬಂದು ಮೂರು ಲೋಟ ಕಾಫಿ ಕಳಿಸಿದರು. ನೊರೆಯ ಮೇಲೆ ಚಿನ್ನದ ರೇಕು ತೇಲುತ್ತಿತ್ತು. ನಿಜವಾದ ಚಿನ್ನವೇ, ಕುಡಿಯಬಹುದು ಎಂದು ತಂದವನು ಹೇಳಿದ. ಮಾವ ಸುತ್ತಮುತ್ತ ನೋಡಿದರು. ಗಣಿಯ ಗೇಟಿನಲ್ಲಿ ದಿನಾ ಜೇಬು ತಡವಿಸಿಕೊಂಡು ಹೊರಗೆ ಬಂದವರು ಅವರು. ಕುಡಿದಾದ ಮೇಲೆ ಮೀಸೆ ಒರೆಸಿಕೊಂಡು, ಕರ್ಚೀಫನ್ನು ಬಿಡಿಸಿ ನೋಡಿ, "ಅಲ್ಲಿ ಇಂಗ್ ನುಂಗಿದ್ರೆ ಅವತ್ತೇ ಮನೆಗೆ ಕಳಿಸೋರು ಅಳಿಯಾ," ಎಂದರು.

ಆಮೇಲೆ ಗಾಜಿನ ಲಿಫ್ಟು ಏರುವುದನ್ನು ಕತ್ತೆತ್ತಿ ನೋಡುತ್ತಾ ಕೂತರು. ಅವರಿಗೆ ಆಸೆ ಇತ್ತು.

"ಜೀವಮಾನೆಲ್ಲಾ ಕೆಳಗಿರೋದ್ನೇ ನೋಡಿದ್ದಾಯ್ತು. ಮ್ಯಾಲೇನೈತೆ ಒಂದ್ಸಲ ನೋಡ್ಬೇಕು ಕಣ್ಲಾ."

ಅತ್ತೆ ಪಂಚೆಯ ಚುಂಗನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. ಡೆಸ್ಕಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಹೇಳಿಕೆ ಯಾರದ್ದೇ ಆಗಲಿ ಅವರ ಮಾತಿನಲ್ಲೇ ಕೇಳಿ ತಿಳಿಯಬೇಕು ಎಂಬುದು. ಹರಕೆಯ ಮಾತು ಸರಿಯಾಗಿ ಏನಿತ್ತು ಎಂದು ಅತ್ತೆಯನ್ನು ಕೇಳಿದೆ. ಅವರು ತಡವರಿಸಲಿಲ್ಲ.

"ಡ್ಯೂಟಿ ಇರೋಗಂಟ ಬಿಟ್ಬಿಡು ತಾಯಿ. ಡ್ಯೂಟಿ ಮುಗಿದ್ಮೇಲೆ ಇವ್ರು ಕೇಜಿಗೆ ಕಾಲಿಡಲ್ಲ."

ಸಂಬಳ ನಿಲ್ಲದ ಹಾಗೆ ಹರಕೆ ಕಟ್ಟಿದ್ದರು. ಆ ಹೊತ್ತಿನಲ್ಲೂ.

ಅಷ್ಟರಲ್ಲಿ ನಮ್ಮ ಸಾಮಾನು ಹೊತ್ತ ಟ್ರಾಲಿ ಎದುರಿಗೆ ಬಂತು. ಹೋಟೆಲುಗಳಲ್ಲಿರುತ್ತದಲ್ಲ, ಮೇಲೆ ಕಮಾನಿನಂತೆ ಬಾಗಿದ ಹಳದಿ ಲೋಹದ ಕಂಬಿ, ಕೆಳಗೆ ಕೆಂಪು ಜಮಖಾನೆ ಹಾಸಿದ್ದು. ತಳ್ಳುತ್ತಿದ್ದವನು ಕುಪ್ಪಂ ಕಡೆಯ ನಡುವಯಸ್ಸಿನವನು. ಅತ್ತೆ ಆಗಲೇ ಅವನ ಜೊತೆ ತೆಲುಗಿನಲ್ಲಿ ಊರು ಕೇರಿ ವಿಚಾರಿಸಿ ಮುಗಿಸಿದ್ದರು. ಅವನು ಟ್ರಾಲಿಯನ್ನು ಲಿಫ್ಟಿನ ಕಡೆ ತಿರುಗಿಸಿದ. ಅತ್ತೆ ಅದನ್ನು ಕೊಂಚ ಹೊತ್ತು ನೋಡಿ ನನ್ನ ಕಡೆ ತಿರುಗಿದರು.

"ಈಗ ಆ ಪೆಟ್ಟಿಗೆಗಳು ಕಾಲಿಟ್ಟಂಗಾಯ್ತಾ?"

ಇಲ್ಲ ಎಂದೆ. ಕುಪ್ಪಂನವನಿಗೆ ವಿವರಿಸುವ ಕೆಲಸವೇ ಬೀಳಲಿಲ್ಲ. ಹರಕೆಗೆ ತೆಲುಗಿನಲ್ಲಿ ಮೊಕ್ಕು. ಮೊಕ್ಕು ಅಂದರೆ ಮೊಕ್ಕೇ ಎಂದು, ತನ್ನ ತಾಯಿಯೂ ಯಾವುದೋ ಹರಕೆಗಾಗಿ ಬದನೆಕಾಯಿ ಬಿಟ್ಟಿರುವುದಾಗಿ ಹೇಳಿ, ಎರಡು ಪೆಟ್ಟಿಗೆ ಕೆಳಗಿಳಿಸಿ ಜಾಗ ಮಾಡಿದ. ಮಾವ ಪಂಚೆ ಎತ್ತಿ ಕಟ್ಟಿ, ಟ್ರಾಲಿ ಹತ್ತಿ, ಸೂಟ್‌ಕೇಸಿಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತರು. ಕೌಂಟರಿನ ಹುಡುಗಿ ಫೋನು ಎತ್ತಿದಳು, ಮತ್ತೆ ಇಟ್ಟಳು. ಯಾರೋ ಬಿಳಿಯ ದಂಪತಿ, ಇದು ನಮ್ಮ ಕಡೆಯ ಮರ್ಯಾದೆ ಇರಬೇಕೆಂದು, ಮಾವನಿಗೆ ಕೈಮುಗಿದರು. ಮಾವನೂ ಕೂತಲ್ಲಿಂದಲೇ ಮುಗಿದರು.

ಲಿಫ್ಟಿನ ಬಾಗಿಲು ಹಾಕಿಕೊಂಡಾಗ ಮಾವ ಬೆರಳು ಮಡಚಿ ಕಂಬಿಗೆ ಬಡಿಯಲು ಹೋದರು. ಗಣಿಯಲ್ಲಿ ಮೂರು ಸಲ ಗಂಟೆ ಹೊಡೆದರೆ ಕೇಜಿನಲ್ಲಿ ಮನುಷ್ಯರಿದ್ದಾರೆ, ಹುಷಾರು ಎಂದು ಅರ್ಥ. ಅತ್ತೆ ಕೈ ಹಿಡಿದು ತಡೆದರು.

"ಪೆಟ್ಟಿಗೆಗಳು ಗಂಟೆ ಒಡೀತಾವಾ? ಸುಮ್ಕಿರಿ."

ಆಮೇಲೆ ಅತ್ತೆ ಕಣ್ಣು ಮುಚ್ಚಿಕೊಂಡರು. ಮೂವತ್ತೇಳನೇ ಮಹಡಿಯವರೆಗೂ ತೆಗೆಯಲಿಲ್ಲ. ಅತ್ತೆ ಹುಟ್ಟಿದ ಮೇಲೆ ಕೇಜು ಹತ್ತಿದ್ದು ಅದೇ ಮೊದಲು.

ರೂಮಿನ ಒಂದು ಗೋಡೆ ಪೂರ್ತಿ ಗಾಜು. ಕೆಳಗೆ ಗೋಪುರಗಳು, ರಸ್ತೆಗಳು. ಅವು ಮುಗಿದಲ್ಲಿಂದ ಆಕಾಶದವರೆಗೆ ಮರಳಿನ ದಿಬ್ಬಗಳು. ಮಾವ ಗಾಜಿಗೆ ಹಣೆ ತಾಗಿಸಿ ಬಹಳ ಹೊತ್ತು ನೋಡಿದರು. ನಮ್ಮ ಕಡೆ ಚಿನ್ನ ತೆಗೆದು ಉಳಿದ ಮಣ್ಣನ್ನು ಗುಡ್ಡ ಹಾಕಿದ್ದಾರೆ. ಸೈನೈಡ್ ದಿಬ್ಬ ಎನ್ನುತ್ತೇವೆ. ಬಣ್ಣ ಅದೇ, ಗಾಳಿ ಕೊರೆದ ಗೆರೆಗಳೂ ಅವೇ.

"ಇಷ್ಟು ದಿಬ್ಬ ಬಿದ್ದೈತೆ ಅಂದ್ರೆ ಏಟು ಅಗೆದವ್ರೋ ನೋಡು. ಅದ್ಕೇ ಕಾಫಿಗೆ ಆಕೋವಷ್ಟೈತೆ," ಎಂದರು ಮಾವ.

ಇದು ಅಗೆದ ಮಣ್ಣಲ್ಲ, ಮರಳುಗಾಡು ಎಂದೆ. ಅವರಿಗೆ ನನ್ನ ಮೇಲೆ ಬೇಸರವಾಯಿತು. ಅತ್ತೆ ಮಾತ್ರ ಗಾಳಿ ಎದ್ದರೆ ಧೂಳೆಲ್ಲ ಊಟಕ್ಕೆ ಬರುತ್ತದೆ ಎಂದು, ತೆಗೆಯಲು ಬಾರದ ಆ ಗಾಜಿಗೆ ಪರದೆ ಎಳೆದುಬಿಟ್ಟರು. ಊರಿನ ಅತ್ಯುತ್ತಮ ನೋಟ ಎಂದು ಹೋಟೆಲಿನವರು ಕೊಟ್ಟ ರೂಮಿನಲ್ಲಿ ನಾವು ಎರಡು ದಿನ ಪರದೆ ಹಾಕಿಕೊಂಡು ಇದ್ದೆವು. ಅತ್ತೆ ನಿದ್ದೆ ಹೋದಾಗ ಮಾವ ಒಂದು ಅಂಚು ಸರಿಸಿ ಮೇಲಿನದನ್ನು ನೋಡುತ್ತಿದ್ದರು.

ಪ್ರತಿ ಊಟಕ್ಕೂ ಮಾವನನ್ನು ಇಳಿಸಲು ಟ್ರಾಲಿ ಬರುತ್ತಿತ್ತು. ಎರಡನೇ ದಿನ ಕುಪ್ಪಂನವನು ಅದರ ಮೇಲೊಂದು ದಿಂಬನ್ನೂ ಇಟ್ಟು ತಂದ. ಮಗಳು ಕೊಡಿಸಿದ್ದ ಬೂಟು ಕಚ್ಚುತ್ತದೆಂದು ಮಾವ ಹೋಟೆಲಿನವರು ರೂಮಿನಲ್ಲಿ ಇಟ್ಟಿದ್ದ ಬಿಳಿ ಬಟ್ಟೆಯ ಚಪ್ಪಲಿ ಹಾಕಿಕೊಂಡು ಓಡಾಡಿದರು. ಹೊರಡುವಾಗ ಅದನ್ನು ಬಿಡಬೇಕೇ ಎಂದು ಕೇಳಿದ್ದಕ್ಕೆ ಅತ್ತೆ, ಮಗಳು ಕಟ್ಟಿದ ಬಾಡಿಗೆಯಲ್ಲಿ ಅದೂ ಸೇರಿದೆ, ಈಗ ಅದು ನಮ್ಮದು ಎಂದು ತೀರ್ಪು ಕೊಟ್ಟರು.

ಕೊನೆಯ ಸಲ ಇಳಿಯುವಾಗ ಲಿಫ್ಟು ಒಮ್ಮೆಲೇ ಜಾರಿದ ಹಾಗಾಯಿತು. ಕಣ್ಣು ಮುಚ್ಚಿ ನಿಂತಿದ್ದ ಅತ್ತೆ ಮುಂದಕ್ಕೆ ವಾಲಿದರು. ಮಾವ ಟ್ರಾಲಿಯಿಂದ ಬಲಗಾಲನ್ನು ಕೆಳಗೆ ಊರಿ ಅವರ ರಟ್ಟೆ ಹಿಡಿದರು, ಮತ್ತೆ ಕಾಲು ಮೇಲಕ್ಕೆ ಎಳೆದುಕೊಂಡರು. ನೋಡಿದವರು ನಾನು ಮತ್ತು ಕುಪ್ಪಂನವನು. ಅವನು ಛಾವಣಿಯ ದೀಪ ನೋಡತೊಡಗಿದ.

"ದಿನಾ ಇಂಗೇ ಓಗ್ತಿದ್ರಾ?" ಅತ್ತೆ ಕಣ್ಣು ಬಿಡದೆಯೇ ಕೇಳಿದರು.

"ಇಂಗಲ್ಲ. ಅಲ್ಲಿ ಕನ್ನಡಿ ಇರ್ಲಿಲ್ಲ," ಎಂದರು ಮಾವ.

ಊರಿಗೆ ಬಂದ ಮೊದಲ ಶುಕ್ರವಾರ ಅತ್ತೆ ನಮ್ಮಿಬ್ಬರನ್ನೂ ಕೋರಮಂಡಲ್‌ನ ಮಾರೆಮ್ಮನ ಗುಡಿಗೆ ಕರೆದುಕೊಂಡು ಹೋದರು. ದೇವಿಗೆ ನಡೆದದ್ದನ್ನು ಒಪ್ಪಿಸಬೇಕಿತ್ತು. ಮಗಳ ಹೆರಿಗೆಯಿಂದ ಶುರುಮಾಡಿ ಟ್ರಾಲಿಯವರೆಗೆ ಹೇಳಿ, ತೆಂಗಿನಕಾಯಿ ಎತ್ತಿಹಿಡಿದು, ನನ್ನ ಕಡೆ ನೋಡಿದರು.

"ನಾನು ಕಣ್ಮುಚ್ಕೊಂಡಿದ್ದೆ. ನೀನು ಪೇಪರ್ನೋನು, ಇದ್ದಿದ್ದು ಇದ್ದಂಗೆ ಏಳು. ಇವ್ರು ಕಾಲಿಟ್ರಾ?"

ಮಾವ ಗುಡಿಯ ಗಂಟೆ ನೋಡುತ್ತಿದ್ದರು.

"ನೀವು ವಾಲಿದ್ರಿ ಅತ್ತೆ. ನಿಮ್ಮನ್ನ ಇಡ್ಕೊಳಾಕೆ ಬಲಗಾಲು ಕೆಳಗಿಟ್ರು. ಕಾಲಲ್ಲಿ ಚಪ್ಪಲಿ ಇತ್ತು," ಎಂದೆ. ಕಂಡದ್ದು ಅಷ್ಟು.

ಎತ್ತಿದ ತೆಂಗಿನಕಾಯಿ ಹಾಗೇ ನಿಂತಿತು. ಅತ್ತೆ ಮಾವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಏನಾದರೂ ಕಮ್ಮಿಯಾಗಿದೆಯೇ ಎನ್ನುವ ಹಾಗೆ. ಪೂಜಾರಿ ಕರ್ಪೂರ ಹಿಡಿದು ಕಾಯುತ್ತಿದ್ದರು.

"ಯಾವ ಚಪ್ಪಲಿ?"

"ಓಟ್ಲಿಂದು," ಎಂದರು ಮಾವ.

ಅತ್ತೆ ದೇವಿಯ ಕಡೆ ತಿರುಗಿದರು. ದನಿ ವ್ಯವಹಾರದ್ದಾಗಿತ್ತು.

"ಓಟ್ಲೋರ ಚಪ್ಪಲಿ, ಓಟ್ಲೋರ ಕೇಜು. ಅವ್ರದ್ದು ಅವ್ರದ್ರಲ್ಲಿ ಇಟ್ಕೊಂಡ್ರೆ ನಮ್ದೇನೈತೆ ತಾಯಿ?"

ಕಾಯಿ ಒಂದೇ ಏಟಿಗೆ ಒಡೆಯಿತು.

ಹೊರಗೆ ಬಂದಾಗ ಆ ಬಿಳಿ ಚಪ್ಪಲಿಗಳು ಬಾಗಿಲ ಬಳಿ ಬೇರೆಯವರ ಚಪ್ಪಲಿಗಳ ನಡುವೆ ಇದ್ದವು. ಮಾವ ಕಾಲು ಚಾಚಿದರು. ಮುಟ್ಟಬೇಡಿ, ಅದು ನಮ್ಮದಲ್ಲ ಅಂತ ಈಗ ತಾನೇ ಹೇಳಿ ಬಂದಿದ್ದೇನೆ ಎಂದರು ಅತ್ತೆ. ಮಾವ ಕಾದ ಟಾರಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಬಸ್ಸಿನವರೆಗೆ ನಡೆದರು.

ಮುಂದಿನ ಸಲ ಹೋದಾಗ ಅವು ಗುಡಿಯೆದುರು ಹೂ ಮಾರುವಾಕೆಯ ಕಾಲಲ್ಲಿದ್ದವು. ಅತ್ತೆ ಎರಡು ಮೊಳ ಮಲ್ಲಿಗೆ ಕೊಂಡು, ಆಕೆಯ ಮನೆ ಎಷ್ಟನೇ ಮಹಡಿ, ಹತ್ತುವುದು ಕೇಜಿನಲ್ಲೋ ಎಂದು ವಿಚಾರಿಸಿದರು.