ತುಂಗೆಯಲ್ಲಿ ಮಂಟಪದ ಬಿಂಬ

ಶಿವಮೊಗ್ಗದ ಕೋಟೆಯ ಹಿಂದೆ, ಹೊಳೆಯ ಮೆಟ್ಟಿಲ ಮೇಲೆ ಬೆಳಿಗ್ಗೆಯಿಂದ ನಿಂತಿದ್ದೆ. ತುಂಗೆಯ ನಡುವಿನ ಕಲ್ಲುಮಂಟಪವನ್ನೂ ಅದರ ಬಿಂಬವನ್ನೂ ಚೌಕಟ್ಟಿನಲ್ಲಿ ಸಮವಾಗಿ ಕೂರಿಸಿಯಾಗಿತ್ತು. ರೀಲಿನಲ್ಲಿ ಉಳಿದಿದ್ದುದು ಒಂದೇ ಫೋಟೋ. ಆದರೆ ಇಬ್ಬರು ಕೂತ ತೆಪ್ಪವೊಂದು ಬಿಂಬದ ಮೇಲೆಯೇ ಸುತ್ತುತ್ತಿತ್ತು. ತಾಳ್ಮೆಗೆಟ್ಟು ಕೂಗಿದೆ: "ಸ್ವಲ್ಪ ಆ ಕಡೆ ಹೋಗ್ರಪ್ಪ, ನೀರು ಕಲಕ್ತಿದೆ!"

ಪಕ್ಕದ ಮೆಟ್ಟಿಲಲ್ಲಿ ಗಂಡಸಿನ ಚಪ್ಪಲಿ ಹಿಡಿದು ಕೂತಿದ್ದ ಹೆಂಗಸು ತಿರುಗಿ ನೋಡಿದಳು.

"ಪಾತಾಳಗರಡಿ ಹಾಕಿ ಹುಡುಕ್ತಿದಾರೆ ಸಾರ್. ನಮ್ಮನೆಯೋರು ನಿನ್ನೆ ಈಜಕ್ಕೆ ಇಳಿದೋರು ಮೇಲೆ ಬರ್ಲಿಲ್ಲ."

ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆ ಅದು.

ಅಷ್ಟರಲ್ಲಿ ತೆಪ್ಪದಿಂದ ಇಳಿಬಿಟ್ಟಿದ್ದ ಕೊಕ್ಕೆಯ ಹಗ್ಗ ಬಿಗಿಯಾಯಿತು. ತೆಪ್ಪದವರು ಹುಟ್ಟು ಹಾಕುವುದನ್ನು ನಿಲ್ಲಿಸಿದರು. ಅಲೆ ಅಡಗಿ, ಮಂಟಪದ ಬಿಂಬ ನಾನು ಬಯಸಿದ ಹಾಗೆಯೇ ಪೂರ್ತಿ ಮೂಡಿತು.

ಹೆಂಗಸು ಚಪ್ಪಲಿ ಕೆಳಗಿಟ್ಟು ಎದ್ದು ನಿಂತಳು.